ಹಗುರ ಚಕ್ರದ ಲೆಕ್ಕ

ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನದರ ಸುಮಾರು ಮೂರನೇ ಒಂದು ಪಾಲು. ಹಾಗಾದರೆ ಅಲ್ಯೂಮಿನಿಯಂನಿಂದ ಮಾಡುವ ಕಾರಿನ ಅಲಾಯ್ ಚಕ್ರವೂ ಉಕ್ಕಿನ ಚಕ್ರದ ಮೂರನೇ ಒಂದು ಪಾಲು ತೂಗಬೇಕಲ್ಲವೇ? ತಕ್ಕಡಿ ಬೇರೆಯೇ ಹೇಳುತ್ತದೆ. ಟೈರ್ ಬಿಟ್ಟು 15 ಇಂಚಿನ ಉಕ್ಕಿನ ಚಕ್ರ 8 ಕೆ.ಜಿ. ಆಸುಪಾಸಿನಲ್ಲಿದ್ದರೆ, ಅದೇ ಅಳತೆಯ ಅಲಾಯ್ ಬಹಳ ಸಲ ಅದಕ್ಕಿಂತ ಒಂದೆರಡು ಕೆ.ಜಿ. ಮಾತ್ರ ಕಡಿಮೆ. ಉಕ್ಕಿನಷ್ಟೇ ತೂಗುವ, ಅದನ್ನೂ ಮೀರುವ ಅಲಾಯ್‌ಗಳೂ ಉಂಟು.

ಗುಟ್ಟು ಲೋಹದ ಬಿಗುವಿನಲ್ಲಿದೆ. ಅಲ್ಯೂಮಿನಿಯಂ ಮೂರು ಪಟ್ಟು ಹಗುರ, ನಿಜ. ಭಾರ ಬಿದ್ದಾಗ ಮಣಿಯುವುದೂ ಹೆಚ್ಚುಕಡಿಮೆ ಮೂರು ಪಟ್ಟು. ಉಕ್ಕಿನ ಚಕ್ರಕ್ಕೆ ಕೆಲವೇ ಮಿಲಿಮೀಟರ್ ದಪ್ಪದ ತಗಡು ಸಾಕು: ಪಟ್ಟಿಯನ್ನು ಬಳೆಯಂತೆ ಬಾಗಿಸಿ ಬೆಸೆದು ರಿಮ್, ಪ್ರೆಸ್‌ನಲ್ಲಿ ಒತ್ತಿ ನಡುವಿನ ಡಿಸ್ಕ್, ಎರಡಕ್ಕೂ ವೆಲ್ಡಿಂಗ್. ಅಲಾಯ್ ಹೆಚ್ಚಾಗಿ ಎರಕದ ಕೆಲಸ. ಅಲ್ಯೂಮಿನಿಯಂಗೆ ಸುಮಾರು ಶೇ. 7ರಷ್ಟು ಸಿಲಿಕಾನ್, ತುಸು ಮೆಗ್ನೀಸಿಯಂ ಬೆರೆಸಿ ಅಚ್ಚಿಗೆ ಹೊಯ್ಯುತ್ತಾರೆ. ಎರಕದೊಳಗೆ ಸಣ್ಣ ಗುಳ್ಳೆಗಳು ಉಳಿಯಬಹುದು. ಅದಕ್ಕಾಗಿ ಅರಗಳನ್ನೂ ಅಂಚನ್ನೂ ದಪ್ಪವಾಗಿಯೇ ಬಿಡಬೇಕು. ಹಗುರ ಲೋಹದಿಂದ ಉಳಿಸಿದ್ದರಲ್ಲಿ ಬಹುಪಾಲು ಹೀಗೆ ದಪ್ಪಕ್ಕೇ ಹೋಗುತ್ತದೆ.

ನಿಜವಾದ ಹಗುರತನ ಬರುವುದು ತಯಾರಿಕೆಯ ಜಾಣ್ಮೆಯಿಂದ. ಕಾರು ತಯಾರಕ ಎಟ್ಟೊರೆ ಬುಗಾಟಿ 1924ರಲ್ಲಿ ಫ್ರಾನ್ಸಿನ ಲಿಯೋನ್ ಗ್ರ್ಯಾನ್ ಪ್ರಿ ಸ್ಪರ್ಧೆಗೆ ತಂದ 'ಟೈಪ್ 35' ಕಾರಿನಲ್ಲಿ ಎಂಟು ಅರಗಳ ಅಲ್ಯೂಮಿನಿಯಂ ಚಕ್ರ ಮತ್ತು ಬ್ರೇಕ್ ಡ್ರಮ್ ಒಂದೇ ಎರಕವಾಗಿದ್ದವು. ಚಕ್ರ ಬಿಚ್ಚಿದರೆ ಡ್ರಮ್ಮೂ ಜೊತೆಗೇ ಬರುತ್ತಿತ್ತು, ಬ್ರೇಕ್ ಕಣ್ಣಿಗೆ ಕಾಣುತ್ತಿತ್ತು. ಆ ದಿನ ಟೈರ್‌ಗಳು ಕೈಕೊಟ್ಟು ಗೆಲುವು ದಕ್ಕಲಿಲ್ಲ. ಕಲ್ಪನೆ ಮಾತ್ರ ಅದ್ಭುತವಾದದ್ದು. 1960ರ ದಶಕದಲ್ಲಿ ಪೋರ್ಷೆ 911 ಎಸ್‌ಗೆ ಜರ್ಮನಿಯ ಫುಕ್ಸ್ ಕಂಪನಿ ಲೋಹವನ್ನು ಎರಕ ಹೊಯ್ಯದೆ, ಭಾರೀ ಪ್ರೆಸ್‌ನಡಿ ಒತ್ತಿ ಚಕ್ರ ಮಾಡಿಕೊಟ್ಟಿತು. ಹೀಗೆ ಒತ್ತಿದ ಲೋಹ ಗಟ್ಟಿ, ಆದ್ದರಿಂದ ತೆಳ್ಳಗಿದ್ದರೂ ತಾಳುತ್ತದೆ.

ಒಂದೆರಡು ಕೆ.ಜಿ.ಗೆ ಇಷ್ಟೆಲ್ಲ ಪಾಡೇಕೆ? ಚಕ್ರ ಸ್ಪ್ರಿಂಗ್‌ನ ಕೆಳಗಿನ ಭಾರ. ಅದು ಹಗುರವಿದ್ದಷ್ಟೂ ಉಬ್ಬುತಗ್ಗಿನಲ್ಲಿ ಟೈರ್ ಬೇಗ ನೆಲಕ್ಕೆ ಮರಳಿ ಹಿಡಿತ ಸಾಧಿಸುತ್ತದೆ. ಜೊತೆಗೆ ಚಕ್ರ ಮುಂದೆ ಸಾಗುತ್ತಲೇ ತಿರುಗಲೂಬೇಕು. ತಿರುಗುವ ಭಾರ ಎರಡು ಪಟ್ಟಿಗೆ ಸಮ ಎಂಬ ಜನಪ್ರಿಯ ಮಾತು ಸರಿಹೊಂದುವುದು ಟೈರಿನ ಹೊರಮೈಗಷ್ಟೇ. 15 ಇಂಚಿನ ರಿಮ್ಮಿನ ಅಂಚಿನಲ್ಲಿರುವ 1 ಕೆ.ಜಿ., ವೇಗ ಏರಿಸುವಾಗ ಎಂಜಿನ್‌ಗೆ ಸುಮಾರು 1.4 ಕೆ.ಜಿ.ಯಷ್ಟೇ ಅನ್ನಿಸುತ್ತದೆ.

ಹಗುರವಾಗಲೆಂದು 15 ಇಂಚಿನ ಉಕ್ಕು ತೆಗೆದು 17 ಇಂಚಿನ ಎರಕದ ಅಲಾಯ್ ಹಾಕಿಸುವವರ ಲೆಕ್ಕ ಇಲ್ಲೇ ತಪ್ಪುವುದು. ಚಕ್ರದ ತೂಕ ಸಾಮಾನ್ಯವಾಗಿ ಹೆಚ್ಚುತ್ತದೆ, ಆ ತೂಕ ಇನ್ನಷ್ಟು ಹೊರಕ್ಕೆ ಸರಿಯುತ್ತದೆ, ಟೈರಿನ ಪಕ್ಕದ ಗೋಡೆ ಗಿಡ್ಡವಾಗಿ ಗುಂಡಿಯ ಹೊಡೆತ ರಿಮ್ಮಿಗೇ ತಾಗುತ್ತದೆ. ಅಂಥ ಹೊಡೆತಕ್ಕೆ ಉಕ್ಕು ಸೊಟ್ಟಗಾಗುತ್ತದೆ, ಎರಕದ ಅಲಾಯ್ ಬಿರುಕು ಬಿಡಬಹುದು.