ಶಾರೀರ, ಶರೀರ ಮತ್ತು ಕರ್ತೃತ್ವ: ಮೆಲ್ ಬ್ಲ್ಯಾಂಕ್‌ನ ಧ್ವನಿನಟನೆ

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ ಮತ್ತು ಸಾತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ರಂಗಭೂಮಿಯಲ್ಲಿ ಈ ನಾಲ್ಕೂ ಒಂದೇ ಶರೀರವನ್ನು ಆಶ್ರಯಿಸಿರುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಬಂದ ರೇಡಿಯೋ ವಾಚಿಕವನ್ನು ಉಳಿದ ಮೂರರಿಂದ ಬೇರ್ಪಡಿಸಿತು. ಆನಿಮೇಶನ್ ಚಿತ್ರವು ಹಾಗೆ ಬೇರ್ಪಟ್ಟ ಧ್ವನಿಗೆ ಚಿತ್ರಕಾರರು ರಚಿಸಿದ ಶರೀರವೊಂದನ್ನು ಜೋಡಿಸಿತು. ಹೀಗೆ ರೂಪುಗೊಂಡ ಪಾತ್ರದ ಕರ್ತೃ ಯಾರು, ಧ್ವನಿ ನೀಡಿದವನಿಗೆ ಅದರ ಮೇಲಿರುವ ಹಕ್ಕು ಎಂತಹುದು ಎಂಬ ಪ್ರಶ್ನೆಗಳನ್ನು ಅಮೆರಿಕದ ಮೆಲ್ ಬ್ಲ್ಯಾಂಕ್‌ನ (1908-1989) ವೃತ್ತಿಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. 'ಸಾವಿರ ಧ್ವನಿಗಳ ಮನುಷ್ಯ' ಎಂಬುದು ಆತನಿಗೆ ಸಂದ ಬಿರುದು. ಈ ಬಿರುದು ಆತನ ಸಾಧನೆಯನ್ನು ಎಣಿಕೆಗೆ ಇಳಿಸುತ್ತದೆಯಾದ್ದರಿಂದ ಅದನ್ನು ಯಥಾವತ್ತಾಗಿ ಒಪ್ಪಲಾಗದು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಬ್ಲ್ಯಾಂಕ್ ಬೆಳೆದದ್ದು ಓರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ. ನೆರೆಹೊರೆಯ ವಲಸಿಗರ ಉಚ್ಚಾರಗಳನ್ನು ಅನುಕರಿಸುವ ಗೀಳು ಬಾಲ್ಯದಲ್ಲಿಯೇ ಅಂಟಿತ್ತು. 1927ರಲ್ಲಿ ಸ್ಥಳೀಯ ರೇಡಿಯೋ ಪ್ರವೇಶಿಸಿದ ಆತ 1933ರಲ್ಲಿ ಪತ್ನಿ ಎಸ್ಟೆಲ್‌ಳೊಡನೆ 'ಕಾಬ್‌ವೆಬ್ಸ್ ಅಂಡ್ ನಟ್ಸ್' ಎಂಬ ಹಾಸ್ಯ ಕಾರ್ಯಕ್ರಮವನ್ನು ಆರಂಭಿಸಿದ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಬೇರೆ ನಟರನ್ನು ಕರೆಸಲು ಹಣವಿರಲಿಲ್ಲ. ಮುದುಕ, ಮಗು, ಪೊಲೀಸ್, ನಾಯಿ ಯಾರೇ ಬರಲಿ, ಅವರ ಮಾತನ್ನು ದಂಪತಿಗಳೇ ಆಡಬೇಕಿತ್ತು. ಮುಂದೆ ಪ್ರತಿಭೆಯೆಂದು ಕೊಂಡಾಡಲಾದ ಬಹುಮುಖತೆಯ ಮೂಲದಲ್ಲಿ ಬಡತನದ ಒತ್ತಡವಿತ್ತೆಂಬುದು ಗಮನಾರ್ಹ.

ರೇಡಿಯೋ ಆತನಿಗೆ ಕಲಿಸಿದ್ದೇನು ಎಂಬುದು ಜ್ಯಾಕ್ ಬೆನ್ನಿಯ ಕಾರ್ಯಕ್ರಮದಲ್ಲಿ ಸ್ಪಷ್ಟವಾಗುತ್ತದೆ. ಬೆನ್ನಿ ಅಲ್ಲಿ ಕಡುಜಿಪುಣನ ಪಾತ್ರ ವಹಿಸುತ್ತಿದ್ದ. ಅವನ ಹಣದ ಕೋಣೆಯನ್ನು ಕಾರ್ಮೈಕಲ್ ಎಂಬ ಹಿಮಕರಡಿ ಕಾಯುತ್ತಿತ್ತು. ಆ ಕರಡಿಯ ಗುರುಗುಟ್ಟುವಿಕೆಯೇ ಬ್ಲ್ಯಾಂಕ್‌ಗೆ ದೊರೆತ ಮೊದಲ ಪಾತ್ರ. ಹಲವು ತಿಂಗಳು ಗುರುಗುಟ್ಟಿದ ಮೇಲೆ 'ನನಗೆ ಮಾತೂ ಬರುತ್ತದೆ' ಎಂದು ಬೆನ್ನಿಗೆ ನೆನಪಿಸಬೇಕಾಯಿತೆಂದು ಆತ ಹೇಳಿಕೊಂಡಿದ್ದಾನೆ. ಅನಂತರ ಪಿಟೀಲು ಮೇಷ್ಟರು, ಗಿಳಿ, ರೈಲು ನಿಲ್ದಾಣದ ಘೋಷಕ ಮುಂತಾದ ಪಾತ್ರಗಳು ಬಂದವು. ಬೆನ್ನಿಯ ಹಳೆಯ ಮ್ಯಾಕ್ಸ್‌ವೆಲ್ ಕಾರಿನ ಸದ್ದನ್ನು ಧ್ವನಿಮುದ್ರಿಕೆಯಿಂದ ಕೊಡುವುದಿತ್ತು. ಒಮ್ಮೆ ಆ ಮುದ್ರಿಕೆ ಕೈಕೊಟ್ಟಾಗ ಬ್ಲ್ಯಾಂಕ್ ಧ್ವನಿವರ್ಧಕದ ಮುಂದೆ ನಿಂತು ಕೆಮ್ಮುತ್ತ, ಸೀನುತ್ತ, ಏದುಸಿರು ಬಿಡುತ್ತ ಕಾರನ್ನು ನಡೆಸಿಯೇ ಬಿಟ್ಟ. ಮುಂದೆ ಅದೇ ಕಾರಿನ ಖಾಯಂ ಸದ್ದಾಯಿತು. ನಿರ್ಜೀವ ಯಂತ್ರಕ್ಕೆ ರೋಗಿಯೊಬ್ಬನ ದೇಹಸ್ಥಿತಿಯನ್ನು ಆರೋಪಿಸಿದ್ದು ಇಲ್ಲಿನ ವಿಶೇಷ. ಕೇಳುಗ ಕಾರನ್ನು ಕಾಣಲಾರ. ಅದರ ವಯಸ್ಸನ್ನೂ ಆಯಾಸವನ್ನೂ ಕೇಳಬಲ್ಲ.

ಈ ಕೌಶಲ ಆನಿಮೇಶನ್ನಿಗೆ ಅತ್ಯವಶ್ಯವಾಗಿತ್ತು. ವಾರ್ನರ್ ಬ್ರದರ್ಸ್ ಬಿಡುಗಡೆ ಮಾಡುತ್ತಿದ್ದ ಲಿಯಾನ್ ಶ್ಲೆಸಿಂಗರ್ ಸಂಸ್ಥೆಯ ಕಿರುಚಿತ್ರಗಳಲ್ಲಿ ಮಾತನ್ನು ಮೊದಲು ಮುದ್ರಿಸಿ, ಅದನ್ನು ಅನುಸರಿಸಿ ಚಿತ್ರಗಳನ್ನು ಬರೆಯಲಾಗುತ್ತಿತ್ತು. ತೊಗಲುಗೊಂಬೆಯಾಟದ ಕಲಾವಿದನಿಗೆ ಮಾತನಾಡುವಾಗ ಗೊಂಬೆ ಕೈಯಲ್ಲಿರುತ್ತದೆ; ಬ್ಲ್ಯಾಂಕ್‌ನ ಮುಂದಿರುತ್ತಿದ್ದುದು ಕೆಲವು ರೇಖಾಚಿತ್ರಗಳು ಮತ್ತು ಸಂಭಾಷಣೆಯ ಹಾಳೆ ಮಾತ್ರ. ಉಸಿರು ಎಲ್ಲಿ ನಿಲ್ಲುತ್ತದೆ, ಪದ ಎಲ್ಲಿ ಒಡೆಯುತ್ತದೆ ಎಂಬುದನ್ನು ಧ್ವನಿ ನಿರ್ಧರಿಸುತ್ತಿತ್ತು. ಚಿತ್ರಕಾರನ ಕುಂಚ ಅದನ್ನು ಹಿಂಬಾಲಿಸುತ್ತಿತ್ತು.

1937ರ 'ಪೋರ್ಕೀಸ್ ಡಕ್ ಹಂಟ್' ಚಿತ್ರದಲ್ಲಿ ಆತ ಪೋರ್ಕಿ ಎಂಬ ಹಂದಿಗೆ ಧ್ವನಿ ನೀಡತೊಡಗಿದ. ಅದಕ್ಕೆ ಮೊದಲು ಪೋರ್ಕಿಯಾಗಿ ಮಾತನಾಡುತ್ತಿದ್ದ ಜೋ ಡೋಹರ್ಟಿ ನಿಜಜೀವನದಲ್ಲಿಯೂ ಉಗ್ಗುತ್ತಿದ್ದ ನಟ. ಅವನ ಉಗ್ಗು ಅವನ ಹಿಡಿತದಲ್ಲಿರದ ಕಾರಣ ಮುದ್ರಣದ ಖರ್ಚು ಏರುತ್ತಿತ್ತೆಂದು ಅವನನ್ನು ಬಿಡಲಾಯಿತು. ಬ್ಲ್ಯಾಂಕ್ ಉಗ್ಗನ್ನು ಭಾಷಿಕ ರಚನೆಯಾಗಿ ಮಾರ್ಪಡಿಸಿದ. ಅವನ ಪೋರ್ಕಿ ಒಂದು ಪದದ ಮೊದಲ ಅಕ್ಷರದಲ್ಲಿಯೇ ಎಡವುತ್ತದೆ, ಮೂರು ನಾಲ್ಕು ಬಾರಿ ಯತ್ನಿಸುತ್ತದೆ, ಕೊನೆಗೆ ಸೋತು ಆ ಪದವನ್ನೇ ಕೈಬಿಟ್ಟು ಸಮಾನಾರ್ಥಕವೊಂದನ್ನು ಸಲೀಸಾಗಿ ಹೇಳಿಬಿಡುತ್ತದೆ. ನಗು ಹುಟ್ಟುವುದು ಈ ಪದಪಲ್ಲಟದಲ್ಲಿ. ಕಲೆಯ ದೃಷ್ಟಿಯಿಂದ ಇದು ಉತ್ಕೃಷ್ಟವಾದುದು. ಆದರೆ ನಿಜವಾಗಿ ಉಗ್ಗುವವನನ್ನು ಹೊರಗಟ್ಟಿ ಉಗ್ಗನ್ನು ನಟಿಸುವವನನ್ನು ಒಳಕರೆದ ಈ ಘಟನೆಯ ಬಗ್ಗೆ ಪ್ರಶಂಸಕರು ಹೆಚ್ಚು ಯೋಚಿಸಿದಂತಿಲ್ಲ.

1940ರ 'ಎ ವೈಲ್ಡ್ ಹೇರ್'ನಲ್ಲಿ ಪೂರ್ಣರೂಪ ಪಡೆದ ಬಗ್ಸ್ ಬನ್ನಿ ಎಂಬ ಮೊಲಕ್ಕೆ ಆತ ನ್ಯೂಯಾರ್ಕಿನ ಬ್ರೂಕ್ಲಿನ್ ಮತ್ತು ಬ್ರಾಂಕ್ಸ್ ಪ್ರದೇಶಗಳ ಆಡುಮಾತನ್ನು ಬೆರೆಸಿ ಕೊಟ್ಟ. ಬೇಟೆಗಾರನ ಬಂದೂಕಿನೆದುರು ಹೆದರದ ಆ ಮೊಲದ ಧೈರ್ಯ ಬಹುಪಾಲು ಈ ಬೀದಿಭಾಷೆಯ ಉದಾಸೀನದಿಂದ ಬಂದುದು. ಸಿಲ್ವೆಸ್ಟರ್ ಎಂಬ ಬೆಕ್ಕು ಮತ್ತು ಡ್ಯಾಫಿ ಎಂಬ ಬಾತುಕೋಳಿ ಇವುಗಳಿಗೆ ಆತ ನೀಡಿದ್ದು ಹೆಚ್ಚುಕಡಿಮೆ ಒಂದೇ ಧ್ವನಿ. ಡ್ಯಾಫಿಯ ಮಾತನ್ನು ಯಂತ್ರದಲ್ಲಿ ವೇಗ ಹೆಚ್ಚಿಸಿ ಬಳಸಲಾಗುತ್ತಿತ್ತು. ಆದರೂ ಪ್ರೇಕ್ಷಕನಿಗೆ ಅವೆರಡೂ ಒಂದೇ ಎನಿಸುವುದಿಲ್ಲ. ಬೆಕ್ಕಿನ ಮಾತಿನಲ್ಲಿ ಆಸೆಬುರುಕತನವಿದೆ, ಬಾತಿನ ಮಾತಿನಲ್ಲಿ ಅಸೂಯೆಯಿದೆ. ಕಂಠದ ವ್ಯತ್ಯಾಸಕ್ಕಿಂತ ಮನೋಭಾವದ ವ್ಯತ್ಯಾಸ ಹೆಚ್ಚು ಕೆಲಸ ಮಾಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಇದೇ ಅನುಕರಣಶಕ್ತಿ ಮೆಕ್ಸಿಕನ್ನರಂಥ ಸಮುದಾಯಗಳ ಉಚ್ಚಾರವನ್ನು ನಗೆಯ ಸರಕಾಗಿಸಿತೆಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು.

ಕರ್ತೃತ್ವದ ಪ್ರಶ್ನೆ ಎದುರಾದದ್ದು ಹಣದ ಮೂಲಕ. ಸಂಬಳ ಹೆಚ್ಚಿಸಬೇಕೆಂಬ ಬ್ಲ್ಯಾಂಕ್‌ನ ಬೇಡಿಕೆಯನ್ನು ಶ್ಲೆಸಿಂಗರ್ ನಿರಾಕರಿಸಿದ. ಅದಕ್ಕೆ ಬದಲಾಗಿ ಚಿತ್ರದ ಆರಂಭದಲ್ಲಿ ಹೆಸರು ಹಾಕಲು ಒಪ್ಪಿದ. ನಿರ್ಮಾಪಕನಿಗೆ ಖರ್ಚಿಲ್ಲದ ಈ ಉಡುಗೊರೆ ಬ್ಲ್ಯಾಂಕ್‌ಗೆ ರೇಡಿಯೋದಲ್ಲಿ ದೊಡ್ಡ ಬೇಡಿಕೆಯನ್ನು ತಂದಿತು. 1946ರಲ್ಲಿ ಆತನ ಹೆಸರಿನದೇ ಕಾರ್ಯಕ್ರಮ ಬಂತು. ಆದರೆ ಅದರ ಮತ್ತೊಂದು ಮುಖವನ್ನು 1944ರಲ್ಲಿ ಬಿಡುಗಡೆಯಾದ 'ಲಿಟಲ್ ರೆಡ್ ರೈಡಿಂಗ್ ರ್‍ಯಾಬಿಟ್'ನಲ್ಲಿ ನೋಡಬಹುದು. ಆತನ ಹೆಸರು ಮೊದಲಿಗೆ ಕಾಣಿಸಿಕೊಂಡ ಈ ಚಿತ್ರದಲ್ಲಿ ಹುಡುಗಿಯಾಗಿ ಮಾತನಾಡಿದವಳು ಬೀ ಬೆನಡೆರೆಟ್, ತೋಳವಾಗಿ ಮಾತನಾಡಿದವನು ಬಿಲ್ಲಿ ಬ್ಲೆಚರ್. ತೆರೆಯ ಮೇಲೆ ಬಂದದ್ದು ಬ್ಲ್ಯಾಂಕ್‌ನ ಹೆಸರೊಂದೇ. ಬಗ್ಸ್‌ನ ಎದುರಾಳಿ ಎಲ್ಮರ್ ಫಡ್‌ಗೆ ವರ್ಷಗಟ್ಟಲೆ ಧ್ವನಿಯಾಗಿದ್ದ ಆರ್ಥರ್ ಕ್ಯೂ. ಬ್ರಯಾನ್‌ನ ಪಾಡೂ ಇದೇ ಆಗಿತ್ತು. ಎಲ್ಲ ಧ್ವನಿಗಳೂ ಬ್ಲ್ಯಾಂಕ್‌ನವೇ ಎಂಬ ಜನಪ್ರಿಯ ನಂಬಿಕೆ ಬೆಳೆದದ್ದು ಹೀಗೆ. 'ಸಾವಿರ ಧ್ವನಿ'ಗಳ ಖ್ಯಾತಿಯಲ್ಲಿ ಅನ್ಯರ ಪಾಲೂ ಸೇರಿಹೋಗಿದೆ.

ಹಕ್ಕಿನ ವಿಷಯದಲ್ಲಿ ಬ್ಲ್ಯಾಂಕ್ ಸ್ವತಃ ಸೋತದ್ದೂ ಉಂಟು. 1940ರಲ್ಲಿ ವಾಲ್ಟರ್ ಲ್ಯಾಂಟ್ಸ್ ನಿರ್ಮಿಸಿದ ವುಡಿ ವುಡ್‌ಪೆಕರ್ ಎಂಬ ಮರಕುಟಿಗಕ್ಕೆ ಮೊದಲು ಧ್ವನಿ ನೀಡಿದವನು ಆತನೇ. ಶ್ಲೆಸಿಂಗರ್ ಸಂಸ್ಥೆಯೊಡನೆ ಒಪ್ಪಂದವಾದ ಮೇಲೆ ಆ ಪಾತ್ರ ಕೈಬಿಟ್ಟಿತು, ಆತನ ನಗು ಮಾತ್ರ ಅಲ್ಲಿಯೇ ಉಳಿಯಿತು. 1948ರಲ್ಲಿ ಆ ನಗುವನ್ನು ಆಧರಿಸಿದ ಹಾಡು ಜನಪ್ರಿಯವಾದಾಗ ಆತ ಮೊಕದ್ದಮೆ ಹೂಡಿದ. ನಗುವಿಗೆ ಆತ ಕೃತಿಸ್ವಾಮ್ಯ ಪಡೆದಿರಲಿಲ್ಲವೆಂದು ನ್ಯಾಯಾಲಯ ವಾದವನ್ನು ತಳ್ಳಿಹಾಕಿತು. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು. ಗಾಯಕಿ ಬೆಟ್ ಮಿಡ್ಲರ್‌ಳ ಕಂಠವನ್ನು ಜಾಹೀರಾತಿನಲ್ಲಿ ಅನುಕರಿಸಿದ್ದು ತಪ್ಪೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 1988ರಲ್ಲಿ, ಅಂದರೆ ನಲವತ್ತು ವರ್ಷಗಳ ತರುವಾಯ.

1961ರ ಜನವರಿ 24ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದ ಕಾರು ಅಪಘಾತದಲ್ಲಿ ಬ್ಲ್ಯಾಂಕ್ ತೀವ್ರವಾಗಿ ಗಾಯಗೊಂಡು ಎರಡು ವಾರಗಳಷ್ಟು ಕಾಲ ಪ್ರಜ್ಞಾಹೀನನಾಗಿದ್ದ. ಹೆಸರಿಡಿದು ಕರೆದರೆ ಓಗೊಡದವನು ವೈದ್ಯರು ಬಗ್ಸ್ ಬನ್ನಿಯನ್ನು ಮಾತನಾಡಿಸಿದಾಗ ಮೊಲದ ಧ್ವನಿಯಲ್ಲಿ ಉತ್ತರಿಸಿದನೆಂದು ಆತನೂ ಮಗ ನೋಯೆಲ್‌ನೂ ಹೇಳುತ್ತ ಬಂದರು. ಈ ಕಥೆಗೆ ಅತಿಯಾದ ಅರ್ಥ ಹಚ್ಚುವ ಅಗತ್ಯವಿಲ್ಲ. ಅದಕ್ಕಿಂತ ಮುಖ್ಯವೆನಿಸುವ ಸಂಗತಿಯೆಂದರೆ, 'ಫ್ಲಿಂಟ್‌ಸ್ಟೋನ್ಸ್' ದೂರದರ್ಶನ ಸರಣಿಯಲ್ಲಿ ಆತ ವಹಿಸುತ್ತಿದ್ದ ಬಾರ್ನಿ ಪಾತ್ರವನ್ನು ಕೆಲವು ಕಂತುಗಳ ಮಟ್ಟಿಗೆ ಡಾಸ್ ಬಟ್ಲರ್ ನಿರ್ವಹಿಸಿದ. ಆಮೇಲೆ ಮುದ್ರಣದ ಸಲಕರಣೆಗಳನ್ನು ಬ್ಲ್ಯಾಂಕ್‌ನ ಮನೆಗೇ ತರಲಾಯಿತು; ಮೈತುಂಬ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವನ ಸುತ್ತ ಸಹನಟರು ನೆರೆದು ಮಾತನಾಡಿದರು. ಅಲುಗಾಡದ ಶರೀರದಿಂದ ಬಂದ ಆ ಧ್ವನಿಗೆ ತೆರೆಯ ಮೇಲೆ ಓಡಾಡುವ ಶರೀರ ದೊರೆಯಿತು.

1989ರ ಜುಲೈ 10ರಂದು ಬ್ಲ್ಯಾಂಕ್ ನಿಧನನಾದ. ಆತನೊಬ್ಬನೇ ನಿರ್ವಹಿಸುತ್ತಿದ್ದ ಪಾತ್ರಗಳು ಅನಂತರ ಹಲವರಿಗೆ ಹಂಚಿಹೋದವು. 1996ರ 'ಸ್ಪೇಸ್ ಜ್ಯಾಮ್' ಚಿತ್ರದಲ್ಲಿ ಬಗ್ಸ್ ಬನ್ನಿಗೆ ಬಿಲ್ಲಿ ವೆಸ್ಟ್, ಡ್ಯಾಫಿಗೆ ಡೀ ಬ್ರಾಡ್ಲಿ ಬೇಕರ್, ಪೋರ್ಕಿಗೆ ಬಾಬ್ ಬರ್ಗನ್ ಧ್ವನಿ ನೀಡಿದರು. ಆ ಚಿತ್ರದ ನಾಮಾವಳಿಯಲ್ಲಿ ಪ್ರತಿಯೊಬ್ಬರ ಹೆಸರೂ ಇದೆ.