ವಾದದ ಭೂಪಟ

ಸಭೆಯಲ್ಲಿ ಎರಡು ಪಕ್ಷದವರು ವಾದಕ್ಕೆ ನಿಂತಾಗ ಯಾರು ಏನೆಂದರೆಂಬುದನ್ನು ನಾವು ಕಿವಿಯಿಂದ ಅರಿಯುತ್ತೇವೆ. ದೀರ್ಘಕಾಲ ನಡೆದ ವಾದವನ್ನು ಒಂದೇ ಹಾಳೆಯ ಮೇಲೆ, ಭೂಪಟದಂತೆ, ಕಣ್ಣಿಗೆ ಕಾಣಿಸುವುದು ಸಾಧ್ಯವೆ? ಗಣಕಯಂತ್ರದ ನೆರವಿನಿಂದ ಸಾಧ್ಯವೆಂದು ಮನ್ರೋ, ಕೊಲರೇಸಿ, ಕ್ವಿನ್ ಎಂಬ ಮೂವರು ವಿದ್ವಾಂಸರು 2008ರಲ್ಲಿ ತೋರಿಸಿಕೊಟ್ಟರು. ಅವರು ಆಯ್ದುಕೊಂಡ ಉದಾಹರಣೆಗಳಲ್ಲಿ ಮುಖ್ಯವಾದದ್ದು, ಅಮೆರಿಕದ 106ನೆಯ ಕಾಂಗ್ರೆಸ್ಸಿನ ಸೆನೆಟ್ ಸಭೆಯಲ್ಲಿ (1999–2000) ಗರ್ಭಪಾತವನ್ನು ಕುರಿತು ನಡೆದ ಚರ್ಚೆ.

ಯಂತ್ರಕ್ಕೆ ಅರ್ಥಜ್ಞಾನವಿಲ್ಲ, ಎಣಿಸಬಲ್ಲುದು, ಅಷ್ಟೆ. ಡೆಮೊಕ್ರಾಟರು ಯಾವ ಪದವನ್ನು ಎಷ್ಟು ಸಲ ನುಡಿದರು, ರಿಪಬ್ಲಿಕನ್ನರು ಎಷ್ಟು ಸಲ ನುಡಿದರು ಎಂದು ಎಣಿಸಿ ಕಳೆದರೆ ಕೆಲಸ ಮುಗಿಯಿತೆಂದು ವಾಚಕರು ಭಾವಿಸಬಹುದು. ಹಾಗೆ ಮಾಡಿದರೆ ಪಟದ ತುಂಬ ಇಂಗ್ಲಿಷಿನ ‘ದಿ’, ‘ಆಫ್’, ‘ಟು’ಗಳೇ ಮೆರೆಯುತ್ತವೆ. ಅವು ಸಾವಿರಗಟ್ಟಲೆ ಬರುವುದರಿಂದ ಅಲ್ಪ ವ್ಯತ್ಯಾಸವೂ ದೊಡ್ಡದಾಗಿ ತೋರುತ್ತದೆ. ಸರಿ, ಕಳೆಯುವ ಬದಲು ಭಾಗಿಸೋಣವೆಂದರೆ ಇನ್ನೊಂದು ಫಜೀತಿ: ಒಬ್ಬ ಸದಸ್ಯರು ಎರಡು ಸಲ ಆಡಿ ಎದುರು ಪಕ್ಷದವರು ಆಡದೇ ಬಿಟ್ಟ ಯಾವುದೋ ಅಪರೂಪದ ಮಾತು ತುದಿಗೇರಿ ಕೂಡುತ್ತದೆ.

ಅನ್ನ ಬೆಂದಿತೇ ಎಂದು ನೋಡಲು ಒಂದಗುಳು ಸಾಕೆನ್ನುತ್ತೇವೆ. ಇಲ್ಲಿ ಆ ನ್ಯಾಯ ನಡೆಯದು. ಆದುದರಿಂದ ವಿದ್ವಾಂಸರು ಪ್ರತಿಯೊಂದು ಪದಕ್ಕೂ ಅದರ ವಾಡಿಕೆಯ ಬಳಕೆ ಎಷ್ಟೆಂಬ ಅಂದಾಜನ್ನು ಮೊದಲೇ ಲೆಕ್ಕಕ್ಕೆ ಸೇರಿಸಿದರು. ಅನಂತರ ಪಕ್ಷಪಕ್ಷಗಳ ಅಂತರವನ್ನು ಅದರ ಅನಿಶ್ಚಿತತೆಯಿಂದ ಭಾಗಿಸಿದರು. ಸಾಕ್ಷ್ಯ ಕಡಮೆಯಿರುವ ಪದ ತಾನಾಗಿ ನಡುಗೆರೆಯತ್ತ ಸರಿಯಿತು. ಸಾಕ್ಷ್ಯ ಬಲವಾಗಿದ್ದುದು ಮಾತ್ರ ದೂರ ನಿಂತಿತು. ಪಟದಲ್ಲಿ ಅಡ್ಡಗೆರೆಯು ಪದ ಎಷ್ಟು ಬಳಕೆಯದೆಂಬುದನ್ನೂ ಉದ್ದಗೆರೆಯು ಅದು ಯಾರ ಕಡೆಯದೆಂಬುದನ್ನೂ ಸೂಚಿಸುತ್ತದೆ.

ಈಗ ಪಟ ಮಾತನಾಡತೊಡಗಿತು. ಡೆಮೊಕ್ರಾಟರ ಕಡೆ ‘ಹೆಂಗಸು’, ‘ಹಕ್ಕು’. ರಿಪಬ್ಲಿಕನ್ನರ ಕಡೆ ‘ಶಿಶು’, ‘ಕೊಲ್ಲು’. ಚರ್ಚೆಯ ವಿಷಯ ಒಂದೇ ಆದರೂ ಒಬ್ಬರ ಕಣ್ಣಿಗೆ ಬಿದ್ದವಳು ತಾಯಿ, ಮತ್ತೊಬ್ಬರ ಕಣ್ಣಿಗೆ ಬಿದ್ದುದು ಮಗು. ಅವರು ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದರೇ ಎಂಬ ಸಂಶಯ ನಮಗಂತೂ ಬಂದಿತು. ಆದರೆ ಪಟವನ್ನು ಅತಿಯಾಗಿ ನಂಬುವುದೂ ಸಲ್ಲದು. ‘ಇದು ಹಕ್ಕು’ ಎಂದವರನ್ನೂ ‘ಇದು ಹಕ್ಕಲ್ಲ’ ಎಂದವರನ್ನೂ ಎಣಿಕೆ ಒಂದೇ ಕಡೆಗೆ ಹಾಕುತ್ತದೆ.

ನಮ್ಮ ವಿಧಾನಸಭೆಯ ಕನ್ನಡ ಚರ್ಚೆಗಳಿಗೂ ಈ ಉಪಾಯವನ್ನು ಅನ್ವಯಿಸಬಹುದು. ಅದಕ್ಕೆ ಮುಂಚೆ ‘ರೈತನಿಗೆ’, ‘ರೈತರಲ್ಲಿ’, ‘ರೈತರಿಗೋಸ್ಕರವೇ’ ಎಂಬವೆಲ್ಲ ಒಂದೇ ಮೂಲದವೆಂದು ಯಂತ್ರಕ್ಕೆ ಕಲಿಸಬೇಕು. ಇಂಗ್ಲಿಷಿನಲ್ಲಿ ಪದದ ಬಾಲ ಕತ್ತರಿಸುವುದು ಸುಲಭ. ಕನ್ನಡದ ಬಾಲವೋ ಬಲು ಉದ್ದ.