ಅರ್ಥಧಾರಿಗಳ ನಡುವಣ ಭಾಗವತರು

ಆಳುಪ ಅರಸರ ರಾಜಧಾನಿಯಾಗಿದ್ದ ಉದ್ಯಾವರದಲ್ಲಿ ದೊರೆತ, ಎಂಟನೆಯ ಶತಮಾನದ ಆಸುಪಾಸಿನ ಶಿಲಾಶಾಸನಗಳು, ಆ ವಂಶದವರೊಳಗೇ ನಡೆದ ಅಧಿಕಾರಕಲಹದಲ್ಲಿ ಮಡಿದ ವೀರರ ನೆನಪನ್ನು ಉಳಿಸಿಕೊಂಡಿವೆ. ಖಡ್ಗದಿಂದ ವ್ಯಾಜ್ಯ ತೀರಿಸಿಕೊಂಡ ಇದೇ ಸೀಮೆಯ ಜನರು ರಾತ್ರಿಯಿಡೀ ಕುಳಿತು ಮಾತಿನಿಂದಲೇ ಸೆಣಸುವ ತಾಳಮದ್ದಳೆಯನ್ನು ಪೋಷಿಸಿದರೆಂಬುದು ಬಹು ಸಂತೋಷದ ಸಂಗತಿ; ಹತ್ತು ಜನ ಸೇರಿ ವಿಚಾರ ಮಾಡುವಲ್ಲಿ ಸುಗಮಕಾರನ ಪಾತ್ರವೇನೆಂದು ಅರಿಯಬಯಸುವವರಿಗೆ ಆ ಕಲೆಯ ಭಾಗವತರಿಗಿಂತ ಉತ್ತಮ ನಿದರ್ಶನ ದೊರೆಯಲಾರದು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿ ನಿಲ್ಲಿಸಿದೊಡನೆ ಅರ್ಥಧಾರಿಯು ಅದರ ಆಶಯವನ್ನು, ಪಾತ್ರವೇ ತಾನಾಗಿ, ಆಶುವಾಗಿ ವಿಸ್ತರಿಸುವನು. ಎದುರು ಕುಳಿತವನು ಅದನ್ನು ಖಂಡಿಸುವನು. ಶೇಣಿ ಗೋಪಾಲಕೃಷ್ಣ ಭಟ್ಟರು, ಉದ್ಯಾವರಕ್ಕೆ ಸಮೀಪದ ಮಲ್ಪೆಯ ಶಂಕರನಾರಾಯಣ ಸಾಮಗ, ರಾಮದಾಸ ಸಾಮಗ ಸೋದರರು ಮೊದಲಾದ ಪ್ರಚಂಡ ವಾಗ್ಮಿಗಳು ಬೆಳಗಿದ ಈ ಕಣದಲ್ಲಿ ವಾದವು ಎಲ್ಲಿಯವರೆಗಾದರೂ ಹರಿಯಬಲ್ಲುದು. ಅದನ್ನು ದಡ ಸೇರಿಸುವವರು ಭಾಗವತರು. ಒಬ್ಬನ ಮಾತು ಲಂಬಿಸಿ ಇನ್ನೊಬ್ಬನ ಸರದಿ ಕರಗುತ್ತಿರುವಾಗ, ವಾಕ್ಯ ಮುಗಿಯುವ ಸಂಧಿಯನ್ನು ಕಾದು ಮುಂದಿನ ಪದ್ಯವನ್ನೆತ್ತಿಕೊಳ್ಳುವರು. ಹೊತ್ತು ಮೀರಿದರೆ ಕೆಲವು ಪದ್ಯಗಳನ್ನು ಬಿಡುವರು. ಹೊಸಬನು ತಡವರಿಸಿದರೆ ಹಾಡಿನಿಂದಲೇ ಅವನ ಮಾನ ಕಾಯುವರು. ‘ವಾಲಿವಧೆ’ಯಲ್ಲಿ ಬಾಣ ತಗುಲಿ ಬಿದ್ದ ವಾಲಿಯ ಪ್ರಶ್ನೆ ನ್ಯಾಯವೋ, ರಾಮನ ಉತ್ತರ ನ್ಯಾಯವೋ ಎಂಬ ತೀರ್ಪನ್ನು ಮಾತ್ರ ಅವರು ಕೊಡುವುದಿಲ್ಲ. ಪ್ರಸಂಗದ ನಡೆಯೆಲ್ಲವನ್ನೂ ಬಲ್ಲವರು ಹೀಗೆ ಪಕ್ಷ ವಹಿಸದೆ ಕುಳಿತಿರುವ ಆ ಸಂಯಮವೇ ಅವರ ವಿದ್ಯೆಯ ಶಿಖರವೆಂದು ನಾನು ಭಾವಿಸುತ್ತೇನೆ. ಏನೂ ತಿಳಿಯದವನ ನಿಷ್ಪಕ್ಷಪಾತದಿಂದ ಯಾವ ಸಭೆಗೂ ಪ್ರಯೋಜನವಿಲ್ಲ.

ಅಧ್ಯಕ್ಷನು ನಿರ್ಣಯ ಕೊಡುವನು, ಉಪನ್ಯಾಸಕನು ತನಗೆ ತಿಳಿದುದನ್ನು ಹೇಳುವನು. ಸುಗಮಕಾರನಾದರೋ, ಆ ಭಾಗವತರಂತೆ, ಇತರರು ತಮ್ಮ ತಿಳಿವಳಿಕೆಯಿಂದ ತಾವೇ ನಿರ್ಣಯಕ್ಕೆ ಬರುವಂತೆ ದಾರಿ ಮಾಡಿಕೊಡುವನು. ಇಂಥವನ ಅಗತ್ಯ ನಮ್ಮ ಗ್ರಾಮಸಭೆಗಳಿಗೂ ಇದೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಸೇರುವುದೂ ಉಂಟು. ಆದರೆ ಗಟ್ಟಿ ದನಿಯ ನಾಲ್ವರು ಮಾತನಾಡಿ ಮುಗಿಸುವಷ್ಟರಲ್ಲಿ, ದಿನವೂ ನೀರಿಗಾಗಿ ಅಲೆಯುವ ಹೆಂಗಸರು ತಮ್ಮ ಕಷ್ಟವನ್ನು ಹೇಳದೆಯೇ ಎದ್ದು ಹೋಗುವುದನ್ನು ಕಂಡಾಗ ಮನಸ್ಸು ನೋಯುತ್ತದೆ. ಎಲ್ಲರ ಸರದಿಯನ್ನೂ ಕಾಯಬಲ್ಲ, ಯಾವ ಬಣಕ್ಕೂ ಸೇರದ ಒಬ್ಬರನ್ನು ಊರಿನೊಳಗಿಂದಲೇ ಆರಿಸಿ, ಮುಂದಿನ ಗ್ರಾಮಸಭೆಯಲ್ಲಿ ಮಾತು ನಡೆಸುವ ಹೊಣೆಯನ್ನು ಅವರಿಗೊಪ್ಪಿಸಿರೆಂದು ಉದ್ಯಾವರ, ಕಾಪು, ಕಾರ್ಕಳ ಪರಿಸರದ ಪಂಚಾಯತಿ ಸದಸ್ಯರಲ್ಲಿ ನನ್ನ ವಿನಂತಿ.